ನಾನು ಅರ್ಧಕ್ಕೆ ನಿಂತ ಮರುದಿನ

ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದ ಬಟ್ಟೆ ಅಂಗಡಿಯ ಖಾಜಾ ಭಾಯಿ ಇದ್ದಕ್ಕಿದ್ದಂತೆ ಬಟನ್ ಒತ್ತಿ ಇಳಿದುಬಿಟ್ಟರು. ಆಳಂದದ ಈ ಜಿಮ್‌ನಲ್ಲಿ "ನಿಲ್ಲಬ್ಯಾಡ್ರಿ!" ಎಂದು ದಿನವೂ ಕೂಗುವ ಟ್ರೇನರ್ ನಾನು. ಆದರೆ ಹಿಂದಿನ ದಿನ ಅಫಜಲಪುರದ ಓಟದಲ್ಲಿ ಮೀನಖಂಡ ಹಿಡಿದು ನಾನೇ ಅರ್ಧಕ್ಕೆ ನಿಂತಿದ್ದೆ. ಸುದ್ದಿ ಜಿಮ್‌ಗೆಲ್ಲ ಹರಡಿತ್ತು. ಇನ್ನು ನನ್ನ ಮಾತು ಯಾರು ಕೇಳುತ್ತಾರೆ ಎಂಬ ಅಳುಕಿನಲ್ಲೇ ಹತ್ತಿರ ಹೋದೆ.

ಅವರು ಎದೆ ಒತ್ತಿ ಹಿಡಿದಿದ್ದರು. "ನಾಕ ದಿನದಿಂದ ಇಲ್ಲಿ ಹಿಡದಂಗ ಆಗಾಕತ್ತದ್ರಿ ಸರ್. ನೀವ ನಿಂತೀರಂತ ಕೇಳಿದ ಮ್ಯಾಲೆ ಹೇಳಾಕ ಧೈರ್ಯ ಬಂತು."

ತಕ್ಷಣ ಅವರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದೆ.

ಖಾಜಾ ಭಾಯಿ ಈಗ ಹುಷಾರಾಗಿದ್ದಾರೆ. ನನಗೆ ಮಾತ್ರ ಕೂಗಲು ಬಾಯಿ ಬರುತ್ತಿಲ್ಲ. ನಾನು ಓಟಕ್ಕೆ ಹೋದ ದಿನವೊಂದನ್ನು ಬಿಟ್ಟರೆ, ಆ ದಿನಗಳಲ್ಲೆಲ್ಲ ಅವರ ಪಕ್ಕದಲ್ಲೇ ನಿಂತು "ನಿಲ್ಲಬ್ಯಾಡ್ರಿ!" ಎಂದವನು ನಾನೇ.