ಸರಣಿಯ ಮೂರನೆಯ ಆವೃತ್ತಿಯ ಜೊತೆ ಬನಶಂಕರಿಗೆ

ಮೈಸೂರಿನಿಂದ ಬೆಳಿಗ್ಗೆ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಶ್ರೀರಂಗಪಟ್ಟಣ ದಾಟಿ ಬಿಸಿಲು ಆ ಬದಿಗೆ ಬೀಳತೊಡಗಿದಾಗ ಅದನ್ನು ಬಿಟ್ಟುಕೊಟ್ಟು ನೆರಳಿನ ಸಾಲಿಗೆ ಹೋದೆ. ತೊಡೆಯ ಮೇಲಿದ್ದ ಬಟ್ಟೆಯ ಚೀಲವನ್ನು ಮೇಲಿಡಲು ಕಂಡಕ್ಟರು ಎರಡು ಸಲ ಹೇಳಿದರು. ಪಕ್ಕದಲ್ಲಿದ್ದ ಹೆಂಗಸು ಅದರೊಳಗಿನ ದುಂಡನೆಯ ಆಕಾರವನ್ನು ನೋಡಿ, ಯಾವ ದೇವಸ್ಥಾನದ ಪ್ರಸಾದ ಎಂದು ಕೇಳಿದರು. ಕಾಲೇಜಿನ ಸಾಮಾನು ಎಂದಷ್ಟೇ ಹೇಳಿದೆ.

ಅದು ಕಂಪ್ಯೂಟರಿನ ಟೇಪು. ತಿಂಡಿಯ ತಟ್ಟೆಯಷ್ಟು ಅಗಲದ ಒಂದು ಸುರುಳಿ, ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ, ಮೇಲೆ ಒಗೆದ ಟವೆಲು. ಬಿಸಿಲು, ಧೂಳು, ತೇವ, ಅಯಸ್ಕಾಂತ ಯಾವುದೂ ಅದಕ್ಕೆ ಆಗದು. ಅದರಲ್ಲಿದ್ದದ್ದು ಸರಣಿ ಎಂಬ ಭಾಷೆಯ ಮೂರನೆಯ ಆವೃತ್ತಿ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಉಳಿದಿರಲಿಲ್ಲ.

ಓದುವವರಲ್ಲಿ ಹೆಚ್ಚಿನವರು ಕಂಪ್ಯೂಟರನ್ನು ನೋಡಿರಲಾರರು, ಆದ್ದರಿಂದ ಸ್ವಲ್ಪ ವಿವರಿಸಬೇಕು. ನಾವು ಬರೆಯುವ ಸೂಚನೆಗಳನ್ನು ಯಂತ್ರಕ್ಕೆ ತಿಳಿಯುವ ಅಂಕೆಗಳನ್ನಾಗಿ ಬದಲಿಸುವ ಒಂದು ಅನುವಾದಕ ಬೇಕು. ಸರಣಿಯ ಅನುವಾದಕವನ್ನು ಸರಣಿಯಲ್ಲಿಯೇ ಬರೆದಿದ್ದಾರೆ. ಹಾಗಾಗಿ ಹೊಸ ಅನುವಾದಕ ತಯಾರಾಗಬೇಕಾದರೆ ಹಳೆಯದು ಬೇಕೇ ಬೇಕು, ಮೊಸರಿಗೆ ಹೆಪ್ಪು ಬೇಕಾದಂತೆ. ಹೆಪ್ಪು ಕೆಟ್ಟಿದ್ದರೆ ಎಷ್ಟು ಒಳ್ಳೆಯ ಹಾಲಿಗೆ ಹಾಕಿದರೂ ಮೊಸರು ಕೆಟ್ಟದ್ದೇ ಆಗುತ್ತದೆ.

ಬೆಂಗಳೂರಿನ ಬನಶಂಕರಿಯಲ್ಲಿರುವ ಸಣ್ಣ ಗಣಕ ಕೇಂದ್ರವೊಂದು ಈ ಭಾಷೆಯನ್ನು ನೋಡಿಕೊಳ್ಳುತ್ತದೆ. ನೋಡಿಕೊಳ್ಳುವವರು ಇಬ್ಬರೇ, ನಿವೃತ್ತ ಗಣಿತದ ಮೇಷ್ಟ್ರು ವೆಂಕಟೇಶಯ್ಯನವರು ಮತ್ತು ಅವರ ಶಿಷ್ಯೆ ನಾಗರತ್ನ. ಟೇಪುಗಳು ಹೊರದೇಶದಿಂದ ಬರಬೇಕು, ಬೇಗ ಸಿಗುವುದಿಲ್ಲ. ಆದ್ದರಿಂದ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಹೊಸ ಆವೃತ್ತಿ ಕೈಸೇರಿದ ಮೇಲೆ ಎಲ್ಲ ಕಾಲೇಜುಗಳೂ ಹಳೆಯ ಟೇಪನ್ನು ಹಿಂದಕ್ಕೆ ಕಳಿಸಬೇಕು. ಅದನ್ನು ಅಳಿಸಿ ಮತ್ತೆ ಬಳಸುತ್ತಾರೆ. ನಾಲ್ಕನೆಯ ಆವೃತ್ತಿ ಹೊರಬಂದಾಗ ಎಲ್ಲರೂ ವಿಧೇಯರಾಗಿ ಕಳಿಸಿದರು, ಕೇಂದ್ರದ ಸ್ವಂತ ಪ್ರತಿಯನ್ನೂ ಅಳಿಸಿದರು. ನಮ್ಮ ಕಾಲೇಜು ಮಾತ್ರ ಕಳಿಸಲಿಲ್ಲ. ನಮ್ಮ ಟೇಪಿನ ಯಂತ್ರ ಕೆಟ್ಟು, ಬಿಡಿಭಾಗ ಬಾರದೆ, ಕೋಣೆಗೇ ಬೀಗ ಬಿದ್ದಿತ್ತು. ನಾಗರತ್ನ ಕಾರ್ಡಿನ ಮೇಲೆ ಕಾರ್ಡು ಬರೆದು ಟೇಪು ಕೇಳುತ್ತಲೇ ಇದ್ದರು.

ಮೊನ್ನೆ ಅವರಿಂದಲೇ ಟ್ರಂಕ್ ಕಾಲ್ ಬಂತು. ನಾಲ್ಕನೆಯ ಆವೃತ್ತಿಯಲ್ಲಿ ಭಾಗಾಕಾರದ ಒಂದು ದೋಷವಿದೆ, ತೀರಾ ಸಣ್ಣ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ತಪ್ಪಾಗುತ್ತದೆ ಎಂದರು. ಸರಿಪಡಿಸಿ ಬರೆದಿದ್ದರೂ ಅದನ್ನು ಅನುವಾದಿಸಲು ಇರುವುದು ಆ ಕೆಟ್ಟ ಅನುವಾದಕವೇ; ಅದರಿಂದ ಹುಟ್ಟುವ ಮರಿಗೂ ಅದೇ ರೋಗ. ಕೊನೆಯಲ್ಲಿ ಧ್ವನಿ ತಗ್ಗಿಸಿ, ಜೆ.ಪಿ. ನಗರದ ಒಂದು ಆಸ್ಪತ್ರೆಯವರು ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣದ ಲೆಕ್ಕವನ್ನು ಇದರಲ್ಲಿಯೇ ಮಾಡಿಸುತ್ತಾರೆ ಎಂದರು.

“ಪೋಸ್ಟಲ್ಲಿ ಕಳಿಸ್ಬೇಡಿ ಮೇಡಂ. ಯಾರ ಕೈಲೂ ಕೊಡ್ಬೇಡಿ. ನೀವೇ ತಗೊಂಡ್ ಬನ್ನಿ.”

ನಮ್ಮಲ್ಲಿ ಯಂತ್ರವಿಲ್ಲದ್ದರಿಂದ ಇನ್ನೊಂದು ಪ್ರತಿ ಮಾಡುವಂತಿರಲಿಲ್ಲ. ವರ್ಷದಿಂದ ಕಪಾಟಿನಲ್ಲಿದ್ದ ಟೇಪು ಈಗಲೂ ಓದಲು ಬರುತ್ತದೆಯೇ ಎಂದು ಪರೀಕ್ಷಿಸಿ ನೋಡುವಂತೆಯೂ ಇರಲಿಲ್ಲ.

ಮದ್ದೂರಿನಲ್ಲಿ ಎಲ್ಲರೂ ವಡೆ ತಿನ್ನಲು ಇಳಿದರು. ನಾನು ಇಳಿಯಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಮೋಡ ಕವಿದಿತ್ತು. ಜಯನಗರದ ಬಸ್ಸಿಗೆ ಅರ್ಧ ಗಂಟೆ ಕಾದು, ಮುಂದಿನ ಬಾಗಿಲ ಬಳಿಯ ಹೆಂಗಸರ ಸೀಟಿನಲ್ಲಿ ಕುಳಿತೆ. ಟಿಕೆಟ್ಟು ಒಂದು ರೂಪಾಯಿಯೊಳಗೇ ಇತ್ತು. ಗಣೇಶನ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಮಾರ್ಕೆಟ್ಟಿನಲ್ಲಿ ಇಬ್ಬರು ಯುವಕರು ದೊಡ್ಡದೊಂದು ಲೌಡ್‌ಸ್ಪೀಕರಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹತ್ತಿದರು.

“ಏನ್ ಗುರು, ಗಣೇಶಂಗೆ ಅರ್ಧ ಟಿಕೆಟ್ಟಾ, ಫುಲ್ಲಾ?” ಎಂದರು ಕಂಡಕ್ಟರು.

“ದೇವರ ಕೆಲ್ಸ ಸಾರ್, ಲಗೇಜ್ ಬಿಟ್ಬಿಡಿ.”

“ರಾತ್ರಿಯೆಲ್ಲ ನನ್ ಮನೆ ಮುಂದೆ ಕಿರುಚ್ಸೋದು ನೀವೇ ಅಲ್ವಾ? ಡಬಲ್ ಹಾಕ್ತೀನಿ.”

ಬಸ್ಸು ನಕ್ಕಿತು. ಅವರು ಪೆಟ್ಟಿಗೆಯನ್ನು ನನ್ನ ಕಾಲಿನ ಹತ್ತಿರವೇ ಇಳಿಸಿದರು. ಲೌಡ್‌ಸ್ಪೀಕರಿನೊಳಗೆ ಅಯಸ್ಕಾಂತವಿರುತ್ತದೆ. ನಾನು ಎದ್ದು ನಿಂತೆ. ಹಿಂದಕ್ಕೆ ಹೋಗಲು ಜಾಗವಿರಲಿಲ್ಲ. ಮಿನರ್ವ ವೃತ್ತದಲ್ಲಿ ಡ್ರೈವರು ಬ್ರೇಕು ಒತ್ತಿದಾಗ ಪೆಟ್ಟಿಗೆ ಜಾರಿತು, ನಿಂತವರೆಲ್ಲ ನನ್ನ ಮೇಲೆ ವಾಲಿದರು, ಚೀಲವು ಸ್ಪೀಕರಿನ ಬೆನ್ನಿಗೆ ಹೋಗಿ ತಾಗಿತು. ಎಷ್ಟು ಹೊತ್ತು ತಾಗಿತ್ತೋ ನನಗೆ ತಿಳಿಯದು. ಚೀಲವನ್ನು ಕಿತ್ತುಕೊಂಡು ತಲೆಯ ಮೇಲಕ್ಕೆ ಎತ್ತಿ ಹಿಡಿದೆ.

“ಯಾಕಕ್ಕ ಹಂಗ್ ಹೆದ್ರುತೀರ? ಅದೇನ್ ಕಚ್ಚಲ್ಲ,” ಎಂದ ಒಬ್ಬ.

ಅಯಸ್ಕಾಂತ ಯಾವ ಬದಿಗಿದೆ ಎಂದು ಕೇಳಿದೆ. ಅವನಿಗೆ ಖುಷಿಯಾಯಿತು.

“ಹಿಂದ್ಗಡೆ ಮೇಡಂ. ಸಖತ್ ಮ್ಯಾಗ್ನೆಟ್ಟು. ನಮ್ಮಮ್ಮನ ಕತ್ರಿ ಎಳ್ಕೊಂಬಿಟ್ಟಿತ್ತು, ಬಿಡಿಸೋಕೆ ನಾವಿಬ್ರೂ ಬೇಕಾಯ್ತು.”

ಮುಂದಿನ ನಿಲ್ದಾಣದಲ್ಲಿಯೇ ಇಳಿದುಬಿಟ್ಟೆ. ಲಾಲ್‌ಬಾಗಿನ ಗೋಡೆಯ ಪಕ್ಕದಲ್ಲಿ, ಚೀಲವನ್ನು ಎದೆಗೆ ಅವಚಿಕೊಂಡು, ಜಯನಗರದವರೆಗೆ ನಡೆದೆ. ಅಲ್ಲಿನ ಅಗಲವಾದ ಬೀದಿಗಳು, ಎರಡೂ ಬದಿಯ ಮರಗಳು, ಗೇಟಿಗೆ ಹಬ್ಬಿಸಿದ ಕಾಗದದ ಹೂವು ಇವೆಲ್ಲ ಚೆನ್ನಾಗಿಯೇ ಇದ್ದಿರಬೇಕು. ನಾನು ನೋಡಿದ್ದು ಕಾಲಡಿಯ ಚಪ್ಪಡಿಗಳನ್ನು ಮಾತ್ರ.

ವೆಂಕಟೇಶಯ್ಯನವರ ಮನೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದೆ. ಅವರನ್ನು ಜೊತೆಗೆ ಕರೆದುಕೊಂಡು ಕೇಂದ್ರಕ್ಕೆ ಹೋಗಬೇಕಿತ್ತು. ಅವರ ಹೆಂಡತಿ ಸರೋಜಮ್ಮ ಉಪ್ಪಿಟ್ಟು, ಕಾಫಿ ಕೊಟ್ಟರು. ಮೇಷ್ಟ್ರು ಟೇಪನ್ನು ಮುಟ್ಟಲಿಲ್ಲ. ಅವರ ಕೈಗಳು ನಡುಗುತ್ತವೆ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಮೊದಲನೆಯ ಆವೃತ್ತಿಯನ್ನು ಅವರೊಬ್ಬರೇ ಯಂತ್ರದ ಅಂಕೆಗಳಲ್ಲಿ ಪೆನ್ಸಿಲಿನಿಂದ ಬರೆದರಂತೆ. ಅದಕ್ಕೆ ಎರಡು ವರ್ಷ ಹಿಡಿಯಿತು. ಅದರ ಹೆಪ್ಪಿನಿಂದ ಎರಡನೆಯದು ಬಂತು, ಆಗಿನಿಂದ ಸರಣಿ ತನ್ನನ್ನು ತಾನೇ ಅನುವಾದಿಸಿಕೊಂಡಿತು. ಮೂರನೆಯದರ ಹೊತ್ತಿಗೆ ನಾಗರತ್ನ ಬಂದರು, ಅರ್ಧ ಅವರ ಕೆಲಸ. ನಾಲ್ಕನೆಯದು ಪೂರ್ತಿ ಅವರದ್ದೇ.

ಈ ಟೇಪು ಓದದೆ ಹೋದರೆ ಏನು ಮಾಡುವುದು ಎಂದು ಕೇಳಿದೆ. ಬಸ್ಸಿನಲ್ಲಿ ನಡೆದದ್ದನ್ನೂ ಹೇಳಿದೆ.

ಅವರು ಲೋಟವನ್ನು ಕೆಳಗಿಟ್ಟರು. “ಮತ್ತೆ ಪೆನ್ಸಿಲ್ಲು ಹಿಡೀಬೇಕಮ್ಮ. ನನಗಾಗಲ್ಲ. ನಾಗು ಮಾಡ್ತಾಳೆ, ಆದ್ರೆ ಎರಡು ವರ್ಷ ಆಗುತ್ತೆ. ಅಷ್ಟು ದಿನ ಆಸ್ಪತ್ರೆಯವರು ಕಾಯ್ತಾರಾ?”

ಆಸ್ಪತ್ರೆಗೆ ವಿಷಯ ತಿಳಿದಿದೆಯೇ ಎಂದೆ. ಯಂತ್ರ ರಿಪೇರಿಯಲ್ಲಿದೆ ಎಂದಷ್ಟೇ ಹೇಳಿದ್ದಾರಂತೆ. ಹಿಂದಿನ ಲೆಕ್ಕಗಳು ತಪ್ಪಿವೆಯೋ ಇಲ್ಲವೋ ಖಚಿತವಾಗದೆ ರೋಗಿಗಳನ್ನು ಹೆದರಿಸುವುದು ಸರಿಯಲ್ಲ ಎಂಬುದು ಮೇಷ್ಟ್ರ ಅಭಿಪ್ರಾಯ. ಸರೋಜಮ್ಮ ಒಳಗಿನಿಂದಲೇ, “ನಿಮಗೆ ಹೆದ್ರಿಕೆ ಅಂತ ಹೇಳಿ,” ಎಂದರು. ಮೇಷ್ಟ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಬನಶಂಕರಿ ಎರಡನೇ ಹಂತಕ್ಕೆ ಆಟೋದಲ್ಲಿ ಹೋದೆವು. ದಾರಿಯಲ್ಲಿ ಮಳೆ ಹಿಡಿಯಿತು. ಆಟೋದ ಪಕ್ಕದ ಪರದೆ ಹರಿದಿತ್ತು. ನಾನು ಬೆನ್ನು ಹೊರಗೆ ಮಾಡಿ, ಚೀಲವನ್ನು ಸೆರಗಿನಲ್ಲಿ ಸುತ್ತಿ ಕುಳಿತೆ. ದೇವಸ್ಥಾನದ ಹತ್ತಿರ ರಸ್ತೆ ಅಗೆದಿದ್ದರಿಂದ ಸುತ್ತಿ ಹೋಗಬೇಕಾಯಿತು. ಆಚೆಗೆ ಕುಮಾರಸ್ವಾಮಿ ಲೇಔಟಿನ ಕಡೆ ಗುಡ್ಡದ ಮೇಲೆ ಗುರುತು ಹಾಕಿದ ಖಾಲಿ ಸೈಟುಗಳು, ನಡುವೆ ಒಂದೊಂದೇ ಮನೆ.

ಗಣಕ ಕೇಂದ್ರ ಎಂದರೆ ಒಂದು ಮನೆಯ ಮಹಡಿ. ಬಾಗಿಲಲ್ಲೇ ನಾಗರತ್ನ ನಿಂತಿದ್ದರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ನಮಸ್ಕಾರವನ್ನೂ ಹೇಳದೆ ಎರಡೂ ಕೈ ಚಾಚಿ ಚೀಲವನ್ನು ತೆಗೆದುಕೊಂಡರು. ಕರೆಂಟು ಹೋಗಿತ್ತು.

ಎರಡು ಗಂಟೆ ಕಾದೆವು. ಮೇಷ್ಟ್ರು ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ನಾಗರತ್ನ ತಮ್ಮ ಡಬ್ಬಿಯ ಚಿತ್ರಾನ್ನವನ್ನು ನನಗೂ ಹಾಕಿಕೊಟ್ಟು, ತಾವು ತಿನ್ನಲಿಲ್ಲ. ಅವರ ಮನೆ ಹೊಸಕೆರೆಹಳ್ಳಿ. ಅಪ್ಪನ ಹೊಲ ಬಡಾವಣೆಗೆ ಹೋಯಿತು. ಈಗ ಅಪ್ಪ ಅಲ್ಲಿಯೇ ಇಟ್ಟಿಗೆ, ಮರಳಿನ ವ್ಯಾಪಾರ ಮಾಡುತ್ತಾರೆ. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮೆಷೀನಿಗೆ ಪಾಠ ಹೇಳುತ್ತಾಳೆ ಎನ್ನುತ್ತಾರಂತೆ. ಹೇಳಿ ನಕ್ಕರು, ನಗು ಬೇಗ ನಿಂತಿತು.

“ಇದು ಓದ್ಲಿಲ್ಲ ಅಂದ್ರೆ ಸರಣಿ ಮುಗೀತು,” ಎಂದರು. “ಓದ್ತು ಅಂದ್ರೆ ಹಳೇ ರೋಗಿಗಳ ಲೆಕ್ಕ ಎಲ್ಲ ಮತ್ತೆ ಹಾಕ್ಬೇಕು. ಅದ್ರಲ್ಲಿ ಏನಿರುತ್ತೋ. ಬೆಳಿಗ್ಗೆಯಿಂದ ಯಾವುದಕ್ಕೆ ಬೇಡ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ ಮೇಡಂ.”

ಬಸ್ಸಿನ ಸ್ಪೀಕರಿನ ವಿಷಯವನ್ನು ಅವರಿಗೂ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವರ ಮುಖ ಒಂದು ಕ್ಷಣ ಸಡಿಲವಾಯಿತು, ಒಡನೆಯೇ ಬಿಗಿಯಾಯಿತು. ಸಡಿಲವಾದದ್ದನ್ನು ನಾನು ನೋಡಿದೆ ಎಂಬುದು ಅವರಿಗೂ ತಿಳಿಯಿತು.

ಕರೆಂಟು ಬಂದ ಮೇಲೂ ಕೋಣೆ ತಣ್ಣಗಾಗುವವರೆಗೆ ಕಾಯಬೇಕಿತ್ತು. ನಂತರ ನಾಗರತ್ನ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಯಂತ್ರದ ಓದುವ ಭಾಗವನ್ನು ಒರೆಸಿ, ಸುರುಳಿಯನ್ನು ಏರಿಸಿ, ಗುಂಡಿ ಒತ್ತಿದರು. ಟೇಪು ಸರಾಗವಾಗಿ ಸಾಗಿತು. ಅರ್ಧ ದಾಟಿದ ಮೇಲೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂದು ಅದೇ ಜಾಗದಲ್ಲಿ ನಿಂತಿತು. ಓದಲಾಗದ ತುಣುಕನ್ನು ಯಂತ್ರ ಹೀಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಕೊನೆಗೆ ಸೋತು ಕೈಬಿಡುತ್ತದೆ. ಹಿಂದೆ, ಮುಂದೆ, ಹಿಂದೆ, ಮುಂದೆ. ಮೇಷ್ಟ್ರು ಎದ್ದು ಬಂದು ನನ್ನ ಕುರ್ಚಿಯ ಬೆನ್ನನ್ನು ಹಿಡಿದರು, ಕುರ್ಚಿಯೂ ನಡುಗತೊಡಗಿತು. ಮೆಜೆಸ್ಟಿಕ್ಕಿನಲ್ಲಿ ಆ ಬಸ್ಸನ್ನು ಹತ್ತದೆ ಇನ್ನೊಂದಕ್ಕೆ ಕಾದಿದ್ದರೆ ಎಂದು ಯೋಚಿಸುತ್ತಿದ್ದಾಗಲೇ ಟೇಪು ಆ ಜಾಗವನ್ನು ದಾಟಿ ಹೊರಟುಹೋಯಿತು.

ಕೊನೆಯವರೆಗೂ ಮತ್ತೆಲ್ಲಿಯೂ ನಿಲ್ಲಲಿಲ್ಲ. ನಾಗರತ್ನ ಎಲ್ಲಕ್ಕೂ ಮೊದಲು ಎರಡು ಪ್ರತಿ ಮಾಡಿ, ಒಂದನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಆಸ್ಪತ್ರೆಯ ಲೆಕ್ಕಗಳನ್ನು ಮೂರನೆಯ ಆವೃತ್ತಿಯಲ್ಲಿ ಓಡಿಸಿದರು. ಉತ್ತರಗಳು ಅಚ್ಚಾಗತೊಡಗಿದಾಗ ಕಿಟಕಿಯ ಕಡೆ ತಿರುಗಿ ನಿಂತು, ನೀವೇ ಓದಿ ಎಂದು ನನಗೆ ಹೇಳಿದರು.

ಹಳೆಯ ಉತ್ತರ, ಹೊಸ ಉತ್ತರ, ಒಂದಾದ ಮೇಲೊಂದು ಓದುತ್ತಾ ಹೋದೆ. ಒಂದೇ. ಒಂದೇ. ಮತ್ತೂ ಒಂದೇ. ರೋಗಿಗಳ ಹೆಸರಿರಲಿಲ್ಲ, ವಯಸ್ಸು ಮತ್ತು ಚಿಕಿತ್ಸೆಯ ದಿನ, ಹೊತ್ತು ಇದ್ದವು. ನನ್ನ ಧ್ವನಿಗೆ ಧೈರ್ಯ ಬರುತ್ತಿತ್ತು. ಮೂವತ್ತೆಂಟು ವರ್ಷದ ಒಬ್ಬ ಹೆಂಗಸಿನ ಉತ್ತರಗಳು ಬೇರೆ ಬೇರೆಯಾಗಿದ್ದವು. ಇನ್ನೊಮ್ಮೆ ಓದಿದೆ. ಕೊನೆಯವರೆಗೂ ಹೋದೆ, ತಪ್ಪಾಗಿದ್ದದ್ದು ಅವರೊಬ್ಬರದ್ದೇ. ಕೊಡಬೇಕಾದ ವಿಕಿರಣಕ್ಕಿಂತ ಐದರಲ್ಲೊಂದು ಪಾಲು ಕಡಿಮೆ ಕೊಡುತ್ತಾ ಬಂದಿದ್ದರು.

“ಹೆಚ್ಚಾಗಿಲ್ವಲ್ಲ, ಅದೇ ಪುಣ್ಯ,” ಎಂದರು ಮೇಷ್ಟ್ರು.

“ಕಮ್ಮಿಯಾದ್ರೆ ಗೆಡ್ಡೆ ಉಳ್ಕೊಳ್ಳುತ್ತೆ ಸಾರ್.”

ಮೇಷ್ಟ್ರು ಕುಳಿತರು. ಕೈಯಲ್ಲಿ ಇನ್ನೊಂದು ಸಲ ಲೆಕ್ಕ ಹಾಕಿ ನೋಡೋಣ, ನಾಳೆ ಬೆಳಿಗ್ಗೆ ಇಬ್ಬರೂ ಹೋಗಿ ಹೇಳೋಣ, ಆವೃತ್ತಿಯ ಮೇಲೆ ತಮ್ಮ ಹೆಸರೂ ಇದೆ ಎಂದರು. ನಾಗರತ್ನ ಅಚ್ಚಾದ ಹಾಳೆಯನ್ನು ಹರಿದು ಮಡಚುತ್ತಿದ್ದರು.

“ಇವತ್ತು ಸಾಯಂಕಾಲ ಅವ್ರಿಗೆ ಚಿಕಿತ್ಸೆ ಇದೆ ಸಾರ್. ಇನ್ನೂ ಎರಡು ವಾರ ಉಳ್ದಿದೆ, ಡಾಕ್ಟ್ರು ಸರಿ ಮಾಡ್ಬೋದು. ಕೈಯಲ್ಲಿ ನೀವು ಹಾಕ್ತಾ ಇರಿ. ನಾನ್ ಹೇಳ್ಬಿಟ್ ಬರ್ತೀನಿ.”

ಮಳೆ ನಿಂತಿತ್ತು. ಜೆ.ಪಿ. ನಗರದಿಂದ ಮೆಜೆಸ್ಟಿಕ್ಕಿಗೆ ಬಸ್ಸಿದ್ದುದರಿಂದ ನಾನೂ ಅವರ ಆಟೋದಲ್ಲೇ ಹೊರಟೆ. ನಾಲ್ಕು ಕಿಲೋಮೀಟರು ಇರಬಹುದು. ದಾರಿಯುದ್ದಕ್ಕೂ ಅವರು ಒಂದೇ ಮಾತಾಡಿದರು, ಮೊದಲು ಏನು ಹೇಳಬೇಕು ಎಂದು. ಆಸ್ಪತ್ರೆಯ ಮುಂದೆ ಇಳಿದಾಗ, ಜೊತೆಗೆ ಬರಲೇ ಎಂದು ಕೇಳಿದೆ. ಬನ್ನಿ ಎಂದುಬಿಡುತ್ತಾರೋ ಎಂಬ ಅಂಜಿಕೆ ನನ್ನೊಳಗೆ ಇತ್ತು.

“ಬೇಡ ಮೇಡಂ. ನಿಮ್ಗೆ ಬಸ್ಸು ತಪ್ಪುತ್ತೆ,” ಎಂದು ಹೇಳಿ ಗೇಟು ದಾಟಿದರು.

ಬಸ್ಸಿನ ನಿಲ್ದಾಣ ಎದುರಿಗೇ ಇತ್ತು. ಅಲ್ಲಿಂದ ಆಸ್ಪತ್ರೆಯ ಜಗಲಿ ಕಾಣುತ್ತಿತ್ತು. ಡಾಕ್ಟರ ಕೋಣೆಯ ಬಾಗಿಲು ಮುಚ್ಚಿತ್ತು, ಹೊರಗೆ ಬೆಂಚಿನ ಮೇಲೆ ನಾಲ್ಕೈದು ಜನ ಕುಳಿತಿದ್ದರು. ತುದಿಯಲ್ಲಿದ್ದ, ತಲೆಗೆ ಸೆರಗು ಹೊದ್ದ ಹೆಂಗಸು ನಾಗರತ್ನರನ್ನು ನೋಡಿ ತಮ್ಮ ವೈರಿನ ಬುಟ್ಟಿಯನ್ನು ಕೆಳಗಿಟ್ಟು, ಪಕ್ಕಕ್ಕೆ ಸರಿದು, ಕೂರಲು ಜಾಗ ತೋರಿಸಿದರು. ಅವರು ಮೂವತ್ತೆಂಟರವರೋ ಅಲ್ಲವೋ ಅಷ್ಟು ದೂರದಿಂದ ಹೇಳಲಾಗದು. ನನ್ನ ಬಸ್ಸು ಬಂತು. ಹತ್ತಿ, ಹಿಂದಿನ ಕಿಟಕಿಯಿಂದ ನೋಡಿದೆ. ಬಸ್ಸು ತಿರುವು ದಾಟುವವರೆಗೂ ಆ ಜಾಗ ಖಾಲಿಯೇ ಇತ್ತು. ನಾಗರತ್ನ ಬಾಗಿಲಿಗೆ ಮುಖ ಮಾಡಿ ನಿಂತೇ ಇದ್ದರು.