ಒಮ್ಮೆಯೂ ಸರಿಯಾಗದ ಗೆಳೆಯ

ಚನ್ನಗಿರಿಯ ನಮ್ಮ ಗೊಬ್ಬರದ ಅಂಗಡಿಯಲ್ಲಿ ಪ್ರತಿ ಶನಿವಾರ ನಾಲ್ಕೈದು ಜನ ಗೆಳೆಯರು ಸೇರುತ್ತೇವೆ. ಹೊರದೇಶದ ಫುಟ್‌ಬಾಲ್ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಾರೆಂದು ಮುಂಚೆಯೇ ಹೇಳುವುದು ನಮ್ಮ ಆಟ. ಸೋತವನು ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತರಿಸಬೇಕು. ಲೆಕ್ಕ ಬರೆಯುವವನು ನಾನು. ಸರಿಯಾದರೆ ಟಿಕ್, ತಪ್ಪಿದರೆ ಸೊನ್ನೆ. ವರ್ಷಗಳಿಂದ ಒಂದು ವಾರವನ್ನೂ ಬಿಟ್ಟಿಲ್ಲ.

ಒಮ್ಮೆ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡು ಲೆಕ್ಕ ಕೂಡಿಸಿದೆ. ಸವಳಂಗದಿಂದ ಬೈಕಿನಲ್ಲಿ ಬರುವ ಗೆಳೆಯನ ಸಾಲಿನಲ್ಲಿ ಒಂದೂ ಟಿಕ್ ಇರಲಿಲ್ಲ. ಕಣ್ಣು ಕಟ್ಟಿ ಎಸೆದ ಕಲ್ಲೂ ಒಮ್ಮೆಯಾದರೂ ಕಾಯಿಗೆ ತಾಗುತ್ತದೆ ಎನ್ನುತ್ತಿದ್ದಳು ನಮ್ಮಜ್ಜಿ. ಇವನದು ತಾಗಿಯೇ ಇರಲಿಲ್ಲ.

"ಲೇ, ನಿನ್ನ ಬಾಯಾಗೆ ಏನೈತೋ?" ಎಂದು ಎಲ್ಲರೂ ನಕ್ಕರು.

ಒಬ್ಬ ಮಾತ್ರ ನಗಲಿಲ್ಲ. "ನಮ್ಮೆಮ್ಮೆ ಸುಸೂತ್ರ ಈಯ್ತತೆ ಅಂದಿದ್ಯಲ್ಲೋ ನೀನು" ಎಂದ ಮೆಲ್ಲಗೆ. ಆ ಎಮ್ಮೆ ಕರುವಿನ ಸಮೇತ ಸತ್ತಿತ್ತು. ಅಂಗಡಿಯಲ್ಲಿ ನಗು ನಿಂತಿತು.

ಕೆಲವೇ ದಿನಗಳಲ್ಲಿ ನನ್ನ ಹೆಂಡತಿಯನ್ನು ಹೃದಯದ ಆಪರೇಷನ್ನಿಗೆಂದು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ಬಂದವರೆಲ್ಲ "ಏನೂ ಆಗಲ್ಲ ಬಿಡ್ರೀ" ಎಂದು ಧೈರ್ಯ ಹೇಳಿದರು. ಸವಳಂಗದ ಗೆಳೆಯನೂ ಬಂದ. ಇವನ ಬಾಯಿಂದ ಮಾತ್ರ ಒಳ್ಳೆಯ ಮಾತು ಬಾರದಿರಲಪ್ಪಾ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಅವನು ಮಂಚದ ಬಳಿ ನಿಂತ. ಕಣ್ಣಲ್ಲಿ ನೀರಿತ್ತು.

"ಅಕ್ಕಾ, ನೀನು ಉಳಿಯಲ್ಲ."

"ಥೂ, ಮನೆಹಾಳ! ಇದನ್ನ ಹೇಳಾಕೆ ಬಂದ್ಯೇನೋ?" ಎಂದು ನನ್ನ ಅತ್ತೆ ಚೀರಿದರು. ಅವನು ತಲೆ ತಗ್ಗಿಸಿ ಹೊರಟುಹೋದ. ಹಾಳೆಗಳ ಸಂಗತಿ ಗೊತ್ತಿದ್ದ ನನ್ನ ಹೆಂಡತಿ ಮಾತ್ರ ನಕ್ಕಳು. ಸ್ಟ್ರೆಚರ್ ಒಳಗೆ ಹೋಗುವಾಗಲೂ ಅವಳ ಮುಖದ ಮೇಲೆ ಆ ನಗುವಿತ್ತು.

ಅವಳು ಉಳಿದಳು. ಆ ವಾರ ಅವನ ಸಾಲಿಗೆ ಪಂದ್ಯಗಳ ಸೊನ್ನೆಯ ಜೊತೆಗೆ ಇನ್ನೊಂದು ಸೊನ್ನೆ ಸೇರಿಸಿದೆ. ಅದು ಯಾವುದಕ್ಕೆಂದು ಯಾರೂ ಕೇಳಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಚಹಾ ಕುಡಿದು ಏಳುವಾಗ ಅವನು, "ಹೋಗ್ತೀನಕ್ಕಾ, ಇನ್ನು ಬರಲ್ಲ" ಎನ್ನುತ್ತಾನೆ. ಹೊಸಿಲ ಮೇಲೆ ಆಡಬಾರದ ಮಾತು. ಆದರೂ ಅದನ್ನು ಕೇಳಿದ ಮೇಲೆಯೇ ನಮಗೆ ನೆಮ್ಮದಿ.

ಮೊನ್ನೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಾ ಎದ್ದವನು, ಮರೆತು, ಎಲ್ಲರ ಹಾಗೆ "ಹೋಗಿ ಬರ್ತೀನಿ" ಎಂದು ಬೈಕ್ ಹತ್ತಿಬಿಟ್ಟ. ಹೆಂಡತಿ ಒಲೆಯ ಮೇಲಿನ ಹಾಲು ಬಿಟ್ಟು ಬರಿಗಾಲಲ್ಲಿ ಬೀದಿಗೆ ಓಡಿದಳು.

"ಏ ತಮ್ಮಾ, ನಿಲ್ಲೋ! ಬರಲ್ಲ ಅಂತ ಹೇಳಿ ಹೋಗೋ!"

ಹೆಲ್ಮೆಟ್ಟಿನೊಳಗೆ ಅವನಿಗೆ ಕೇಳಿಸಲಿಲ್ಲ.

"ಮೊದಲೆಲ್ಲ ಹಂಗೇ ಹೇಳಿ ಹೋಗಿ ಬಂದಿದ್ದನಲ್ಲೇ" ಎಂದು ಸಮಾಧಾನ ಹೇಳಿದೆ.

"ಆಗ ನೀವಿನ್ನೂ ಲೆಕ್ಕ ಕೂಡಿಸಿರಲಿಲ್ಲ" ಎಂದಳು.

ಸವಳಂಗ ಮುಟ್ಟಿದೆ ಎಂದು ಸಂಜೆ ಫೋನ್ ಮಾಡಿದ. ಆದರೆ ಅವನು ಹೇಳಿ ಹೋದದ್ದು ಮುಟ್ಟುವ ಮಾತಲ್ಲ, ಮರಳಿ ಬರುವ ಮಾತು. ನಾಳೆ ಶನಿವಾರ. ಹೊಸ ಹಾಳೆಗೆ ಗೆರೆ ಎಳೆದಿಟ್ಟಿದ್ದೇನೆ. ಅವನು ಬಂದರೆ, ಇಷ್ಟು ವರ್ಷಗಳಲ್ಲಿ ಅವನ ಸಾಲಿಗೆ ಮೊದಲ ಟಿಕ್ ಬೀಳುತ್ತದೆ.