ಹನ್ನೆರಡನೆಯ ಮೇಲುಹಾಸು

ಆ ವಾರವೆಲ್ಲ ರಫೂ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಬಟ್ಟೆಗಳ ಹರಕನ್ನು ಎಳೆಗೆ ಎಳೆ ಕೂಡಿಸಿ ರಫೂ ಹಾಕುತ್ತ ಇಪ್ಪತ್ತು ವರ್ಷ ಸವೆಸಿದವಳು ಅವಳು. ರಾಜರ ನಿಲುವಂಗಿ ಬಂದಾಗಲೂ ಒಂದು ಹೊಲಿಗೆಯೂ ತಪ್ಪಿರಲಿಲ್ಲ. ಈಗ ಮೇಜಿನ ಮೇಲಿದ್ದದ್ದು ದೊಡ್ಡಮನೆಯ ಹಾಸಿಗೆಯ ಮೇಲುಹಾಸುಗಳು.

ಒಂದು ಕಾಲಕ್ಕೆ ಅವುಗಳನ್ನು ಒಗೆಯುತ್ತಿದ್ದವಳು ಇವಳ ಅಮ್ಮ. ಯಜಮಾನಿ ಮದುವೆಯಲ್ಲಿ ತವರಿಂದ ತಂದ ಹನ್ನೆರಡು ಹಾಸು, ಒಂದೊಂದರ ಮೂಲೆಯಲ್ಲೂ ಕೆಂಪು ದಾರದ ಅಂಕಿ. ಒಂದು ದಿನ ಹನ್ನೆರಡನೆಯದು ನಾಪತ್ತೆ. ಅಗಸಗಿತ್ತಿಯೇ ಕಳ್ಳಿ ಎಂದಾಯಿತು, ಇನ್ನೇನು ಬೇಕು? ಅಮ್ಮನನ್ನು ಹೊರಗೆ ಹಾಕಿದರು. ಓಣಿಯ ಮಕ್ಕಳು ಇವಳನ್ನು ‘ಹಾಸುಗಳ್ಳಿ ಮಗಳೇ’ ಎಂದೇ ಕೂಗಿದರು. ಅಮ್ಮ ತುಟಿ ಪಿಟಕ್ಕೆನ್ನಲಿಲ್ಲ. ಇವಳೂ ಕೇಳಲಿಲ್ಲ. ಅಮ್ಮನ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೇನೆ ಎಂದುಕೊಂಡಳು, ಸುಳ್ಳು! ಅಮ್ಮ ‘ಹೌದು’ ಅಂದುಬಿಟ್ಟರೆ ಎಂಬ ಭಯ ಅದು. ನಲವತ್ತು ವರ್ಷದ ಭಯ.

ಉಳಿದ ಹನ್ನೊಂದು ಹಾಸುಗಳನ್ನು ಸಂಗ್ರಹಾಲಯಕ್ಕೆ ಕೊಟ್ಟುಹೋದ ದೊಡ್ಡಮನೆ ಸೊಸೆಯದು ಭಾರೀ ಬಿಗುಮಾನ. “ತೇಪೆ ಬಟ್ಟೆನ ನಮ್ಮತ್ತೆ ಹೊಸ್ತಿಲೊಳಗೇ ಬಿಡ್ತಿರಲಿಲ್ಲ” ಎಂದಿದ್ದಳು. ಮಡಿಕೆ ಬಿಚ್ಚಿ ನೋಡಿದ್ದರೆ ತಾನೆ!

ರಫೂ ಅಕ್ಕ ಬಿಚ್ಚಿದಳು. ಮಂಚದಿಂದ ಇಳಿಬಿದ್ದು ನೆಂಟರ ಕಣ್ಣಿಗೆ ಬೀಳುವ ಅಂಚಿನ ಕಸೂತಿ ನಿನ್ನೆ ಮಾಡಿದಂತಿತ್ತು. ಮೈ ತಾಗುವ ನಡುಭಾಗದಲ್ಲಿ ಮಾತ್ರ ತೇಪೆಯ ಪಕ್ಕ ತೇಪೆ. ಸೂಜಿ ಹಿಡಿದು ಗೊತ್ತಿಲ್ಲದ ಕೈಯ ಸೊಟ್ಟ ಹೊಲಿಗೆ. ಬಾಗಿಲು ಹಾಕಿಕೊಂಡು ಹೊಲಿದದ್ದಿರಬೇಕು. ಏಳನೆಯ ಹಾಸನ್ನು ಮಗುಚಿದಳು. ತೇಪೆಯ ಒಳಮೈಯಲ್ಲಿ ಕೆಂಪು ದಾರ: ಹನ್ನೆರಡು.

ಹನ್ನೊಂದೂ ಹಾಸುಗಳ ತೇಪೆಗಳ ಅಚ್ಚನ್ನು ಕಾಗದದ ಮೇಲೆ ತೆಗೆದು, ಕತ್ತರಿಸಿ, ನೆಲದ ಮೇಲೆ ಜೋಡಿಸಿದಳು. ತಪ್ಪಿತೆಂದು ಮತ್ತೆ ಕಿತ್ತಳು, ಮತ್ತೆ ಜೋಡಿಸಿದಳು. ಸಂಜೆಯ ಹೊತ್ತಿಗೆ ಒಂದಿಡೀ ಮೇಲುಹಾಸು ಆಕಾರಕ್ಕೆ ಬಂತು.

“ಮೇಡಂ, ಚೀಟೀಲಿ ಹನ್ನೊಂದು ಅಂತ ಬರೀಬೇಡಿ. ಹನ್ನೆರಡೂ ಇಲ್ಲೇ ಇವೆ” ಎಂದು ಸಂಗ್ರಹಾಲಯದ ಅಧಿಕಾರಿಗೆ ಹೇಳಿದವಳು ಚಪ್ಪಲಿ ಸರಿಯಾಗಿ ಮೆಟ್ಟದೆ ಮನೆಗೆ ಓಡಿದಳು.

ಅಮ್ಮ ಕಿಟಕಿಯ ಬಳಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

“ಅಮ್ಮಾ, ಸಿಕ್ತು! ಆ ಯಜಮಾನೀನೇ ಅದನ್ನ ಕತ್ತರಿಸಿ ಉಳಿದಿದ್ದಕ್ಕೆಲ್ಲ ತೇಪೆ ಹಾಕಿದಾಳೆ. ಹೊಸದು ತರೋಕೆ ಗತಿ ಇಲ್ಲ, ಗತಿ ಇಲ್ಲ ಅಂತ ಹೇಳ್ಕೊಳ್ಳೋಕೆ ಮನಸ್ಸಿಲ್ಲ. ನಿನ್ನ ತಲೆಗೆ ಕಟ್ಟಿದ್ಲು!”

“ಗೊತ್ತು ಕಣೆ. ಕತ್ತರಿಸ್ತಿದ್ದಾಗ ನಾನೇ ಕಣ್ಣಾರೆ ನೋಡ್ದೆ. ಅದಕ್ಕೇ ತಾನೆ ನನ್ನ ಓಡಿಸಿದ್ದು.”

ರಫೂ ಅಕ್ಕನಿಗೆ ಸಿಟ್ಟು ಒದ್ದುಕೊಂಡು ಬಂತು. “ಊರಿಗೆ ಬೇಡ, ನಂಗಾದ್ರೂ ಹೇಳಬಾರದಿತ್ತಾ?”

ಅಮ್ಮ ಬಾಚಣಿಗೆಗೆ ಸಿಕ್ಕಿದ ಕೂದಲು ಬಿಡಿಸಿದಳು.

“ಕಾಯ್ತಾ ಇದ್ದೆ. ‘ನೀನು ಕದ್ಯೇನಮ್ಮಾ?’ ಅಂತ ಒಂದೇ ಒಂದು ಸಲ ಕೇಳ್ತೀಯೇನೋ ಅಂತ. ಕೇಳಿದ್ರೆ ಹೇಳ್ತಿದ್ದೆ. ಕೇಳೋದಕ್ಕೆ ಮೊದ್ಲೇ ನಿಂಗೆ ಅವರ ಮಾತಿನ ಮೇಲೆ ನಂಬಿಕೆ ಬಂದುಬಿಟ್ಟಿತ್ತಲ್ಲ, ಮಗಳೇ.”